ಕೆರೆಗೆ ಲೆಕ್ಕ ಇದೆ, ನಾಲಾಕ್ಕೆ ಇಲ್ಲ

ದಸರಾ ರಜೆಯಲ್ಲಿ ನಮ್ಮ ಹಕ್ಕಿ ನೋಡುವ ಗುಂಪಿನವರು ಒಂದು ಕಡೆ ಸೇರುತ್ತೇವೆ. ಮಳೆಗಾಲದ ನಡುವಿನಿಂದ ಈಚೆಗೆ ಹುಬ್ಬಳ್ಳಿ-ಧಾರವಾಡದಲ್ಲಿ ಯಾರು, ಎಲ್ಲಿ, ಏನು ನೋಡಿದರು ಅಂತ ಒಟ್ಟು ಹಾಕುವುದು ಅವತ್ತಿನ ಕೆಲಸ. ಈ ಸಲ ಗುಂಪಿನ ಹುಡುಗನೊಬ್ಬ ಎಲ್ಲರ ಪಟ್ಟಿಗಳನ್ನೂ ತಗೊಂಡು ಒಂದು ನಕ್ಷೆಯ ಮೇಲೆ ಕೂರಿಸಿದ್ದ. ಒಂದು ಪಟ್ಟಿಗೆ ಒಂದು ಕೆಂಪು ಚುಕ್ಕೆ. ಉಣಕಲ್ ಕೆರೆಯ ದಂಡೆ ಚುಕ್ಕೆಗಳ ಕೆಳಗೆ ಮುಚ್ಚಿಹೋಗಿತ್ತು. ಕೆಲಗೇರಿ, ಸಾಧನಕೇರಿ, ನುಗ್ಗಿಕೇರಿ, ನೃಪತುಂಗ ಬೆಟ್ಟ, ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ಸು, ಕೃಷಿ ವಿಶ್ವವಿದ್ಯಾಲಯದ ಹೊಲ, ಎಲ್ಲೆಲ್ಲೂ ಚುಕ್ಕೆ. ಉಣಕಲ್ ಕೆರೆಯಿಂದ ಹೊರಟು ಹುಬ್ಬಳ್ಳಿಯ ಒಳಗೆ ಹಾಯ್ದು ಹೋಗುವ ನಾಲಾದ ಉದ್ದಕ್ಕೂ ಮಾತ್ರ ಒಂದೂ ಇರಲಿಲ್ಲ. ‘ಅಲ್ಲೇನ್ ಹಕ್ಕಿ ಇರ್ತಾವ್ರೀ, ಬರೇ ಗಟಾರ’ ಅಂದರು ಒಬ್ಬರು. ಎಲ್ಲರೂ ನಕ್ಕರು, ಮಾತು ಮುಂದೆ ಹೋಯಿತು. ನನಗೆ ಮಾತ್ರ ಅದು ಅಲ್ಲಿಗೆ ಮುಗಿಯಲಿಲ್ಲ. ಯಾರೂ ಹೋಗಿಯೇ ಇಲ್ಲ ಅಂದಮೇಲೆ, ಅಲ್ಲಿ ಇಲ್ಲ ಅಂತ ನಮಗೆ ಹೇಳಿದವರು ಯಾರು?

ಹುಬ್ಬಳ್ಳಿಯವರಿಗೆ ನಾಲಾ ಅಂದರೆ ಮೂಗು ಮುಚ್ಚಿಕೊಂಡು ದಾಟುವ ಜಾಗ. ಅದೊಂದು ಕಣಿವೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಎರಡೂ ಕಡೆಯ ಮನೆಗಳು ಅದಕ್ಕೆ ಬೆನ್ನು ಹಾಕಿ ನಿಂತಿವೆ. ಆದರೆ ಜೋರು ಮಳೆ ಬಂದ ದಿನ ನೋಡಿ, ಊರು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಅಂತ ನೀರೇ ತೋರಿಸುತ್ತದೆ. ನಮ್ಮ ಅವಳಿ ನಗರ ಕೂತಿರುವ ಜಾಗವೇ ಅಂಥದ್ದು. ಧಾರವಾಡದ ಪಶ್ಚಿಮಕ್ಕೆ ಬಿದ್ದ ಮಳೆ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆಗೆ ಸೇರಿ, ಮುಂದೆ ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆ ಹಿಡಿದು ಬಂಗಾಳ ಕೊಲ್ಲಿ ಸೇರುತ್ತದೆ. ನಾವು ನಾಲಾ ಅನ್ನುವುದೂ ಒಂದು ಕಾಲಕ್ಕೆ ಹಳ್ಳವೇ. ಈಗ ಅದರಲ್ಲಿ ಬೇಸಿಗೆ, ಮಳೆಗಾಲ ಅನ್ನದೆ ಕೊಳಚೆ ಹರಿಯುತ್ತದೆ. ಊರು ದಾಟಿದ ಮೇಲೆ ಬಿಡ್ನಾಳದ ಕಡೆ ಇಂಥ ನೀರನ್ನೇ ಪಂಪು ಹಚ್ಚಿ ಎತ್ತಿ ತರಕಾರಿ ಬೆಳೆಯುತ್ತಾರೆ. ನಾವು ಸಂತೆಯಲ್ಲಿ ಕೊಳ್ಳುವ ಪಾಲಕ್ಕು ಎಲ್ಲಿಂದ ಬಂತು ಅಂತ ಕೇಳದೇ ಇರುವುದು ಒಳ್ಳೆಯದು.

ಹೆಬ್ಬಾತು ಬರುವ ಮೊದಲು

ವಲಸೆ ಹಕ್ಕಿ ಅಂದ ಕೂಡಲೇ ನಮ್ಮ ಕಡೆ ಜನ ಹೇಳುವ ಹೆಸರು ಮಾಗಡಿ ಕೆರೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನದು. ಹೊಲಕ್ಕೆ ನೀರು ಬೇಕು ಅಂತ ಜನರೇ ಕಟ್ಟಿಕೊಂಡ ಕೆರೆ, ಸುಮಾರು 50 ಹೆಕ್ಟೇರು. ಚಳಿಗಾಲದಲ್ಲಿ ಅಲ್ಲಿ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ. ಇಡೀ ಕೆರೆಯಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳ ದಾಖಲೆ ಇದೆ. 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮಂಗೋಲಿಯಾದಲ್ಲಿ ಕೊರಳಿಗೆ ನಂಬರ್ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡಿವೆ. ಹಿಮಾಲಯ ದಾಟಿ ಬರುವ ಹಕ್ಕಿ, ನೋಡಲೂ ದೊಡ್ಡದು, ಫೋಟೋಗೂ ಚೆನ್ನ. ಹಾಗಾಗಿ ದೀಪಾವಳಿ ಮುಗಿದು ಚಳಿ ಹತ್ತಿದ ಮೇಲೆಯೇ ವಲಸೆ ಶುರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ.

ನಿಜವಾಗಿ ವಲಸೆ ಅಷ್ಟು ತಡ ಮಾಡುವುದಿಲ್ಲ. ನಾವು ಇನ್ನೂ ಛತ್ರಿ ಹಿಡಿದು ಓಡಾಡುತ್ತಿರುವಾಗಲೇ, ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ಕೆಸರಲ್ಲಿ ಹುಳ ಹೆಕ್ಕುವ ಗದ್ದೆಗೊರವಗಳು ಬಂದಿಳಿಯುತ್ತವೆ. ಹಸಿರು ಗದ್ದೆಗೊರವವನ್ನೇ ತಗೊಳ್ಳಿ. ಅದರ ತವರು ಉತ್ತರ ಯೂರೋಪು, ಸೈಬೀರಿಯಾದ ಜೌಗು ಕಾಡು. ಅಲ್ಲಿ ಅದು ನೆಲದ ಮೇಲೆ ಮೊಟ್ಟೆ ಇಡುವುದಿಲ್ಲ, ಬೇರೆ ಹಕ್ಕಿಗಳು ಬಿಟ್ಟುಹೋದ ಹಳೇ ಗೂಡನ್ನು ಮರದ ಮೇಲೆ ಹುಡುಕಿಕೊಳ್ಳುತ್ತದೆ. ಅಲ್ಲಿನ ಸಂಸಾರ ಮುಗಿದದ್ದೇ ತಡ, ದಕ್ಷಿಣದ ದಾರಿ ಹಿಡಿಯುತ್ತದೆ. ಅದರ ಹಿಂದೆಯೇ ಗುಲಾಬಿ ಕಬ್ಬಕ್ಕಿಗಳ ಹಿಂಡು. ಉತ್ತರಿ, ಹಸ್ತಿ ಮಳೆಯ ಹೊತ್ತಿಗೆ ಬಾಲ ಕುಣಿಸುವ ಬೂದು ಸಿಪಿಲೆ. ಚಿತ್ತಿ ಮಳೆಯಲ್ಲಿ ಕರೆಂಟ್ ತಂತಿಗಳ ಮೇಲೆ ಕವಲುತೋಕೆಗಳು, ನೀಲಿ ಬಾಲದ ಕಳ್ಳಿಪೀರಗಳು. ಜಾಲಿ ಪೊದೆಯೊಳಗೆ ಕಾಣಿಸದೆ ‘ಚಕ್ ಚಕ್’ ಅನ್ನುವ ಉಲಿಯಕ್ಕಿಗಳೂ ಆಗಲೇ ಬಂದಿರುತ್ತವೆ. ಹಿಂಗಾರಿ ಜೋಳ, ಕಡಲೆ ಬಿತ್ತುವ ಕರಿನೆಲದ ಮೇಲೆ ಹದ್ದಿನ ಬಳಗದ ಸೆಳೆವಗಳು ತೇಲುತ್ತವೆ. ಬಾತು, ಹೆಬ್ಬಾತುಗಳ ಸರದಿ ಇದೆಲ್ಲ ಆದಮೇಲೆ. ಅಂದರೆ ಜುಲೈನಿಂದ ನವೆಂಬರ್‌ವರೆಗೆ ವಾರ ವಾರಕ್ಕೂ ಊರಿನ ಹಕ್ಕಿಗಳು ಬದಲಾಗುತ್ತಾ ಇರುತ್ತವೆ. ಈ ಬದಲಾವಣೆಯನ್ನು ಹಿಡಿಯಬೇಕಾದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು. ಹೋದಾಗಲೆಲ್ಲ ಬರೆದಿಡಬೇಕು. ಕೆರೆಗಳಿಗೆ ಅದು ಆಗುತ್ತಿದೆ. ವಾಕಿಂಗ್ ಟ್ರ್ಯಾಕ್ ಇದೆ, ಬೆಂಚ್ ಇದೆ, ಚಹಾದ ಗಾಡಿ ಇದೆ. ಸುಮ್ನೆ ಹೇಳುತ್ತಿಲ್ಲ, ನಮ್ಮ ನಕ್ಷೆಯ ಚುಕ್ಕೆಗಳಲ್ಲಿ ಬಹಳಷ್ಟು ಚಹಾ ಸಿಗುವ ಜಾಗದಿಂದ ಕೂಗಳತೆಯಲ್ಲಿವೆ. ಹೊತ್ತೂ ಹಾಗೆಯೇ, ಎಲ್ಲಾ ಭಾನುವಾರ ಮುಂಜಾನೆ.

ಸೇತುವೆ ಮೇಲೆ

ಹಾಗಾಗಿ ಚಿತ್ತಿ ಮಳೆ ಸುರಿದು ಹೊಳವಾದ ಒಂದು ಮುಂಜಾನೆ, ಗುಂಪಿನ ಕಾಲೇಜು ಹುಡುಗಿಯೊಬ್ಬಳ ಜೊತೆ ನಾಲಾದ ಒಂದು ಸಣ್ಣ ಸೇತುವೆಗೆ ಹೋದೆ. ವಾಸನೆಯ ಬಗ್ಗೆ ಬರೆಯುವುದಿಲ್ಲ, ಗೊತ್ತಿದ್ದವರಿಗೆ ಗೊತ್ತು. ಮಳೆ ನೀರು ಸೇರಿ ನಾಲಾ ತುಸು ತೆಳುವಾಗಿತ್ತು. ಕಲ್ಲಿಗೆ ಬಡಿದಲ್ಲೆಲ್ಲ ಬಿಳಿ ನೊರೆ ಎದ್ದಿತ್ತು. ದಂಡೆಯ ಮೇಲೆ ಕಾಂಗ್ರೆಸ್ ಕಸ, ಔಡಲ, ಬಳ್ಳಾರಿ ಜಾಲಿ. ಜಾಲಿಯ ಮುಳ್ಳಿಗೆ ಹರಿದ ಫ್ಲೆಕ್ಸು ಸಿಕ್ಕಿಕೊಂಡಿತ್ತು. ಯಾರದೋ ಹುಟ್ಟುಹಬ್ಬದ ಶುಭಾಶಯ, ಅರ್ಧ ಮುಖ, ಒಂದು ಮೀಸೆ. ಅದರ ಬುಡದಲ್ಲಿ ಕೈಯಗಲದ ಕೆಸರಿನ ಪಟ್ಟಿ. ನಾವು ನೋಡಬೇಕಾದದ್ದು ಇದ್ದದ್ದು ಆ ಪಟ್ಟಿಯಲ್ಲೇ.

ಮೊದಲು ಕಂಡದ್ದು ಸಾಮಾನ್ಯ ಗದ್ದೆಗೊರವ. ನಿಂತಲ್ಲಿ ನಿಲ್ಲುವ ಹಕ್ಕಿ ಅಲ್ಲ ಅದು, ಹಿಂಭಾಗವನ್ನು ಎತ್ತಿ ಇಳಿಸುತ್ತಲೇ ಇರುತ್ತದೆ. ಎದೆಯ ಬಿಳುಪು ರೆಕ್ಕೆಯ ಮುಂದೆ ಚೂಪಾಗಿ ಮೇಲೆ ಹತ್ತಿರುತ್ತದೆ, ಗುರುತು ಹಿಡಿಯಲು ಅದು ಸಾಕು. ಒಂದು ಪ್ಲಾಸ್ಟಿಕ್ ಚೀಲದ ಅಂಚಿಗೆ ಕೊಕ್ಕು ಹಾಕಿ ಎಳೆಯಿತು. ಕೆಂಪು ದಾರದ ತುಂಡು ಅಂದುಕೊಂಡೆ. ಬೈನಾಕ್ಯುಲರ್ ಸರಿಮಾಡಿ ನೋಡಿದರೆ ಅದು ಒದ್ದಾಡುತ್ತಿತ್ತು. ಕೊಳಚೆಯ ಕೆಸರಿನಲ್ಲಿ ಬೆಳೆಯುವ ಕೆಂಪು ಹುಳ, ಸೊಳ್ಳೆಯ ಹಾಗೆ ಕಂಡರೂ ಕಚ್ಚದ ಒಂದು ಜಾತಿಯ ನೊಣದ ಮರಿ. ಪ್ರಾಣವಾಯು ಕಡಿಮೆ ಇರುವ ನೀರಲ್ಲೂ ಅದು ಬದುಕುತ್ತದೆ. ಮೀನು ಬದುಕದ ಕಡೆ ಅದಕ್ಕೆ ತಿನ್ನುವವರ ಕಾಟವೂ ಕಡಿಮೆ, ಹೀಗಾಗಿ ರಾಶಿ ರಾಶಿ ಬೆಳೆಯುತ್ತದೆ. ನಮಗೆ ಗಟಾರ ಕಂಡಲ್ಲಿ ಗದ್ದೆಗೊರವಕ್ಕೆ ಊಟದ ಪಂಕ್ತಿ ಕಾಣುತ್ತದೆ. ಅಷ್ಟರಲ್ಲಿ ಇನ್ನೊಂದು ಎದ್ದಿತು. ಮೇಲೆ ಕಪ್ಪು, ಸೊಂಟದ ಮೇಲೆ ಅಚ್ಚ ಬಿಳಿ. ‘ಸರ್, ಗ್ರೀನ್, ಗ್ರೀನ್!’ ಅಂತ ಹುಡುಗಿ ಕೂಗಿದಳು. ಹಸಿರು ಗದ್ದೆಗೊರವ, ಸೈಬೀರಿಯಾದ್ದು. ಮೂರು ಸುತ್ತು ಕೂಗಿ ನಾಲಾದ ತಿರುವಿನಲ್ಲಿ ಮರೆಯಾಯಿತು. ಅದರಾಚೆ ಮೆಟ್ಟುಗಾಲು ಹಕ್ಕಿಗಳ ಗುಂಪೊಂದು ಗುಲಾಬಿ ಕಾಲೂರಿ ಕರಿ ನೀರಲ್ಲಿ ಓಡಾಡುತ್ತಿತ್ತು.

ನಾವು ಹೀಗೆ ಬಗ್ಗಿ ನೋಡುತ್ತಿದ್ದಾಗ ಪಕ್ಕದ ಮನೆಯ ಹಿಂಬಾಗಿಲು ತೆರೆಯಿತು. ನಡುವಯಸ್ಸಿನ ಹೆಣ್ಣುಮಗಳು ಬಕೆಟ್ ಹಿಡಿದು ಬಂದರು. ‘ಏನ್ರೀ ಸರ್ರ, ನಾಲಾ ಅಳತಿ ಮಾಡಾಕ ಬಂದೀರೇನು? ಈ ಸಲನಾದ್ರೂ ಗ್ವಾಡಿ ಕಟ್ತಾರೋ ಇಲ್ಲೋ?’

‘ಇಲ್ರೀ ಅಕ್ಕಾರ, ನಾವು ಹಕ್ಕಿ ಎಣಸಾಕ ಬಂದೀವಿ.’

‘ಹಕ್ಕೀನ?’ ಅಂತ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. ‘ಜೋರ ಮಳಿ ಬಂದ್ರ ಈ ನೀರು ಪಡಸಾಲಿಗೆ ಬರ್ತೈತಿ. ಎಷ್ಟ ಮನಿಗೆ ಬಂತಂತ ಎಣಸಾಕ ಯಾರೂ ಬರಂಗಿಲ್ಲ ನೋಡ್ರಿ.’

ಏನು ಹೇಳಬೇಕು? ಹುಡುಗಿ ಬೈನಾಕ್ಯುಲರ್ ಕೊಟ್ಟು, ಎದುರಿನ ಸಿಮೆಂಟ್ ಪೈಪಿನ ಮೇಲೆ ಕೂತಿದ್ದ ಬೂದು ಸಿಪಿಲೆಯನ್ನು ತೋರಿಸಿದಳು. ಬೆನ್ನು ಸ್ಲೇಟಿನ ಬೂದು ಬಣ್ಣ, ಹೊಟ್ಟೆ ಹಳದಿ, ಮೈಗಿಂತ ಬಾಲವೇ ದೊಡ್ಡದು ಅನ್ನುವಂತೆ ಕುಣಿಸುತ್ತಿತ್ತು. ಅವರು ಬೈನಾಕ್ಯುಲರ್ ಇಲ್ಲದೆಯೇ ನೋಡಿದರು. ‘ಇದಾ? ಇದು ಗಣಪತಿ ಕಳಿಸಿದ ಮ್ಯಾಲ ಬರ್ತೈತಿ. ದಿನಾ ಮುಂಜಾನೆ ಆ ಪೈಪಿನ ಮ್ಯಾಲನ ಕುಂದರತೈತಿ. ಯುಗಾದಿಗೆ ಇರಂಗಿಲ್ಲ. ಮತ್ತ ಬರೂ ವರ್ಷ ಬರ್ತೈತಿ.’ ಬಕೆಟ್ಟಿನ ನೀರು ಚೆಲ್ಲಿ ಒಳಗೆ ಹೋದರು.

ಬಂದದ್ದು, ಇದ್ದದ್ದು, ಹೋದದ್ದು, ಮತ್ತೆ ಬಂದದ್ದು, ಕೂರುವ ಜಾಗ ಸಮೇತ. ಪ್ರತಿ ವರ್ಷ ಅದೇ ಹಕ್ಕಿಯೋ ಬೇರೆಯೋ ಅನ್ನುವುದು ಕಾಲಿಗೆ ಉಂಗುರ ಹಾಕದೆ ಗೊತ್ತಾಗುವುದಿಲ್ಲ, ಆ ಮಾತು ಬೇರೆ. ಆದರೆ ಈ ನಾಲಾದ ಸಿಪಿಲೆಯ ಬಗ್ಗೆ ನಮ್ಮ ಗುಂಪಿನ ಹತ್ತಿರ ಒಂದು ಸಾಲೂ ಇಲ್ಲ, ಅವರ ಹತ್ತಿರ ಪೂರ್ತಿ ವಿವರ ಇದೆ. ಅದು ಎಲ್ಲಿಯೂ ದಾಖಲಾಗಿಲ್ಲ ಅಷ್ಟೇ.

ಕಾಕಾ ಅವರ ಡೈರಿಗಳು

ದಾಖಲೆ ಅಂದರೆ ಏನು ಅನ್ನುವ ಬಗ್ಗೆ ನಮ್ಮಲ್ಲೇ ಜಗಳ ಇದೆ. ಗುಂಪಿನ ಹಿರಿಯರೊಬ್ಬರು, ನಾವೆಲ್ಲ ಕಾಕಾ ಅನ್ನುತ್ತೇವೆ, ಕೆಲಸದಲ್ಲಿದ್ದ ದಿನಗಳಿಂದಲೂ ಡೈರಿ ಬರೆದವರು. ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಡುವ ಡೈರಿಗಳು. ಅದರಲ್ಲಿ ಹಾಲಿನ ಲೆಕ್ಕ, ಕರೆಂಟ್ ಬಿಲ್ಲು, ಮಗಳ ಪರೀಕ್ಷೆ, ನಡುವೆ ಹಕ್ಕಿ. ‘ಹಸ್ತಿ ಮಳಿ ಹತ್ತಿದ ಮರುದಿನ. ಕೆಲಗೇರಿ ಕಟ್ಟಿ ಮ್ಯಾಲ ಸಿಪಿಲೆ ಬಂತು’ ಅಂತ ಒಂದು ಪುಟ. ತಾರೀಕು ಹೇಗೂ ಡೈರಿಯಲ್ಲೇ ಅಚ್ಚಾಗಿರುತ್ತದೆ, ಆದರೂ ಅವರಿಗೆ ಮಳೆಯ ಹೆಸರೂ ಬೇಕು. ಮೊದಮೊದಲು ನನಗೆ ಇದು ಹಳೆಯ ಕಾಲದವರ ಖಯಾಲಿ ಅನ್ನಿಸುತ್ತಿತ್ತು. ಆಮೇಲೆ ಯೋಚಿಸಿದರೆ ಅದರಲ್ಲಿ ಒಂದು ಲೆಕ್ಕಾಚಾರ ಇದೆ. ಗಣಪತಿ, ದಸರಾ, ದೀಪಾವಳಿ ಚಂದ್ರನ ಲೆಕ್ಕದವು, ವರ್ಷದಿಂದ ವರ್ಷಕ್ಕೆ ವಾರಗಟ್ಟಲೆ ಹಿಂದೆ ಮುಂದೆ ಆಗುತ್ತವೆ. ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕ. ಹಸ್ತಿ ಸೆಪ್ಟೆಂಬರ್ 27ರ ಆಸುಪಾಸು, ಚಿತ್ತಿ ಅಕ್ಟೋಬರ್ 10-11, ಸ್ವಾತಿ 24ರ ಸುಮಾರಿಗೆ. ಒಂದು ದಿನ ಆಚೀಚೆ ಆದರೆ ಜಾಸ್ತಿ. ಹಕ್ಕಿಯೂ ಹಗಲಿನ ಉದ್ದ ನೋಡಿಯೇ ಹೊರಡುವುದು. ಹಾಗಾಗಿ ಅಕ್ಕ ಹೇಳಿದ ‘ಗಣಪತಿ ಕಳಿಸಿದ ಮ್ಯಾಲ’ ಅನ್ನುವುದಕ್ಕಿಂತ ಕಾಕಾ ಬರೆದ ‘ಹಸ್ತಿ’ ಹೆಚ್ಚು ಗಟ್ಟಿ.

ಆದರೆ ಆ ಡೈರಿಗಳಲ್ಲಿ ಒಂದು ದೊಡ್ಡ ಕೊರತೆ ಇದೆ, ಅದನ್ನು ಅವರ ಮುಂದೆಯೇ ಹೇಳಿದ್ದೇನೆ. ಹಕ್ಕಿ ಕಂಡ ದಿನ ಬರೆದಿದ್ದಾರೆ, ಕಾಣದ ದಿನ ಬರೆದಿಲ್ಲ. ಸಿಪಿಲೆ ಹಸ್ತಿಗೆ ಬಂತೋ, ಅಥವಾ ಕಾಕಾ ಅವತ್ತೇ ಕೆಲಗೇರಿಗೆ ಹೋದರೋ? ಹಿಂದಿನ ವಾರ ಹೋಗಿ ನೋಡಿ ಇರಲಿಲ್ಲ ಅಂತ ಒಂದು ಸಾಲು ಇದ್ದಿದ್ದರೆ ಆ ದಾಖಲೆಯ ಬೆಲೆಯೇ ಬೇರೆ ಆಗುತ್ತಿತ್ತು. 2007ರಲ್ಲಿ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಕಡೆಯಿಂದ ಮೈಗ್ರಂಟ್‌ವಾಚ್ ಅಂತ ಶುರುವಾಯಿತು. ಆರಂಭದಲ್ಲಿ ಒಂಬತ್ತು ಜಾತಿಯ ವಲಸೆ ಹಕ್ಕಿಗಳನ್ನು ಆರಿಸಿ, ನಿಮ್ಮ ಊರಲ್ಲಿ ಮೊದಲ ಸಲ ಯಾವಾಗ ಕಂಡಿತು ಬರೆಯಿರಿ ಅಂತ ದೇಶದ ಹಕ್ಕಿ ನೋಡುವವರನ್ನೆಲ್ಲ ಕೇಳಿದರು. ಒಳ್ಳೆಯ ಕೆಲಸ. ಆದರೆ ‘ಮೊದಲ ದಿನ’ ಅನ್ನುವುದರಲ್ಲಿ ಒಂದು ತೊಡಕು ಇದ್ದೇ ಇರುತ್ತದೆ. ನೋಡುವವರು ಹೆಚ್ಚಾದಷ್ಟೂ ಮೊದಲ ದಿನ ಹಿಂದೆ ಸರಿಯುತ್ತದೆ. ಹಕ್ಕಿ ಬೇಗ ಬಂದಿರುವುದಿಲ್ಲ, ಜನ ಬೇಗ ಎದ್ದಿರುತ್ತಾರೆ.

ಈಗ ಎಲ್ಲರೂ ಬಳಸುವ ಇ-ಬರ್ಡ್ ಈ ತೊಡಕನ್ನು ಬೇರೆ ರೀತಿ ಬಿಡಿಸುತ್ತದೆ. ಕಂಡ ಹಕ್ಕಿಗಳ ಪಟ್ಟಿ ಬರೆದಿಡುವ ಆನ್‌ಲೈನ್ ತಾಣ ಅದು, ಅಮೆರಿಕದಲ್ಲಿ 2002ರಲ್ಲಿ ಶುರುವಾದದ್ದು. ಎಷ್ಟು ಹೊತ್ತಿಗೆ ಶುರು ಮಾಡಿದಿರಿ, ಎಷ್ಟು ನಿಮಿಷ ನೋಡಿದಿರಿ, ನಿಂತೋ ನಡೆದೋ, ನಡೆದರೆ ಎಷ್ಟು ದೂರ, ಎಲ್ಲ ಕೇಳುತ್ತದೆ. ಕೊನೆಗೆ ಒಂದು ಪ್ರಶ್ನೆ: ನಿಮಗೆ ಗುರುತು ಸಿಕ್ಕ ಎಲ್ಲಾ ಹಕ್ಕಿಗಳನ್ನೂ ಇಲ್ಲಿ ಬರೆದಿದ್ದೀರಾ? ‘ಹೌದು’ ಅಂದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ನಿಮಗೆ ಅವತ್ತು ಕಾಣಲಿಲ್ಲ ಅಂತಲೂ ಬರೆದ ಹಾಗೆ ಆಯಿತು. ಕಾಗೆ, ಪಾರಿವಾಳ, ಹದ್ದು ಬಿಟ್ಟು ಬರೀ ಚಂದದ್ದನ್ನು ಬರೆದರೆ ಆ ‘ಹೌದು’ ಸುಳ್ಳಾಗುತ್ತದೆ. ಹೊಸಬರಿಗೆ ಇದನ್ನು ತಿಳಿಸುವುದೇ ಕಷ್ಟದ ಕೆಲಸ. ‘ಕಾಗಿ ಯಾಕ್ ಬರೀಬೇಕ್ರೀ?’ ಅಂತ ಕೇಳುತ್ತಾರೆ.

ಹೀಗೆ ಕಾಗೆಯನ್ನೂ ಬಿಡದೆ ಬರೆದವರ ಪಟ್ಟಿಗಳು ಸೇರಿ ಎಲ್ಲಿಗೆ ಬಂತು ಅನ್ನುವುದಕ್ಕೆ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಇದೆ. 30,000ಕ್ಕೂ ಹೆಚ್ಚು ಜನ ಬರೆದ 3 ಕೋಟಿಗೂ ಹೆಚ್ಚು ದಾಖಲೆಗಳಿಂದ 942 ಜಾತಿಯ ಹಕ್ಕಿಗಳ ಸ್ಥಿತಿ ಅಳೆದಿದ್ದಾರೆ. ಪೇಪರಿನಲ್ಲಿ ಬಂದದ್ದು 178 ಜಾತಿಗಳಿಗೆ ತುರ್ತು ಗಮನ ಬೇಕು ಅನ್ನುವುದು. ನನ್ನ ಕಣ್ಣು ಹೋದದ್ದು ಬೇರೆ ಅಂಕಿಗೆ. ದೀರ್ಘಕಾಲದಲ್ಲಿ ಹೆಚ್ಚಿತೋ ಕಡಿಮೆಯಾಯಿತೋ ಅಂತ ಹೇಳಲು ಸಾಧ್ಯವಾದದ್ದು 338 ಜಾತಿಗಳಿಗೆ ಮಾತ್ರ. ಅವುಗಳಲ್ಲಿ 60%ರಷ್ಟು ಕಡಿಮೆಯಾಗಿವೆ. ಉಳಿದ ಆರು ನೂರಕ್ಕೂ ಹೆಚ್ಚು ಜಾತಿಗಳಿಗೆ ಅಷ್ಟು ಹಿಂದಿನ ಲೆಕ್ಕ ಸಾಲಲಿಲ್ಲ. ಮೂರು ಕೋಟಿ ದಾಖಲೆ ಇಟ್ಟುಕೊಂಡೂ!

ಹೋಗದೇ ಇರುವುದಕ್ಕೆ ಕಾರಣ

ನಾಲಾಕ್ಕೆ ಹೋಗೋಣ ಅಂತ ನಾನು ಗುಂಪಿನಲ್ಲಿ ಹೇಳಿದಾಗ ಬಂದ ಉತ್ತರಗಳನ್ನು ಸೋಮಾರಿತನ ಅಂತ ತಳ್ಳಿಹಾಕುವ ಹಾಗಿಲ್ಲ. ಫೋಟೋ ಹುಚ್ಚಿನವರು ಬ್ಯಾಕ್‌ಗ್ರೌಂಡು ಚೆನ್ನಾಗಿಲ್ಲ ಅಂದರು, ಅವರನ್ನು ಬಿಡಿ. ಆದರೆ ಗುಂಪಿನ ಹೆಣ್ಣುಮಕ್ಕಳು ಹೇಳಿದ್ದು ಬೇರೆ. ಬೆಳಗಿನ ಆರೂವರೆಗೆ ನಾಲಾ ದಂಡೆಯಲ್ಲಿ ಯಾರಿರುತ್ತಾರೆ, ಯಾರಿರುವುದಿಲ್ಲ ಅಂತ ಗೊತ್ತಿಲ್ಲದ ಜಾಗಕ್ಕೆ ಒಬ್ಬರೇ ಹೋಗುವುದು ಹೇಗೆ? ಕೆರೆಯ ದಂಡೆಯಲ್ಲಿ ಹತ್ತು ಜನ ಪರಿಚಯದವರು ಸಿಗುತ್ತಾರೆ. ಇನ್ನೊಂದು ಮಾತು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾಲಾ ದಂಡೆಯ ಓಣಿಗಳಿಗೆ ನಾವು ಹೋಗಿ ಬಂದು ಮಾಡುವವರಲ್ಲ. ಅಲ್ಲಿ ನಮ್ಮವರು ಅಂತ ಯಾರೂ ಇಲ್ಲ. ಕುತ್ತಿಗೆಗೆ ಬೈನಾಕ್ಯುಲರ್ ಹಾಕಿಕೊಂಡು ಮಂದಿಯ ಹಿತ್ತಲು ನೋಡುತ್ತಾ ನಿಂತರೆ ‘ಯಾರ ನೀವು’ ಅಂತ ಕೇಳುತ್ತಾರೆ, ಕೇಳಬೇಕಾದದ್ದೇ. ನಮ್ಮ ನಕ್ಷೆಯಲ್ಲಿ ಚುಕ್ಕೆ ಇಲ್ಲದ ಜಾಗಗಳನ್ನು ಒಂದೊಂದಾಗಿ ನೋಡಿದೆ. ನಾಲಾ, ಹಳೇ ಹುಬ್ಬಳ್ಳಿಯ ಓಣಿಗಳು, ಕಸ ಸುರಿಯುವ ಜಾಗ, ಗೋಡೌನುಗಳ ಹಿಂಬದಿ. ಹಕ್ಕಿ ನೋಡುವವರ ಮನೆ ಅಲ್ಲಿಲ್ಲ. ಚುಕ್ಕೆಗಳು ಹೇಳುವುದು ಹಕ್ಕಿಗಳಿಗಿಂತ ಹೆಚ್ಚಾಗಿ ನಮ್ಮದೇ ಕಥೆ.

ಇದರಲ್ಲಿ ಅವಸರ ಯಾಕೆ ಅಂತ ಕೇಳಬಹುದು. ನಾಲಾ ಹೀಗೇ ಇರುವುದಿಲ್ಲ. ದಂಡೆಗೆ ಗೋಡೆ, ಪಕ್ಕದಲ್ಲಿ ಸೈಕಲ್ ದಾರಿ, ಗಿಡ, ದೀಪ, ಹೀಗೆ ಒಂದು ಹಸಿರು ಕಾರಿಡಾರ್ ಮಾಡುವ ಯೋಜನೆ ಬಂದು ಕೆಲಸವೂ ನಡೆದಿದೆ. ಆಗಲೇಬೇಕು. ಪಡಸಾಲೆಗೆ ಕೊಳಚೆ ನುಗ್ಗುವ ಮನೆಯವರ ಮುಂದೆ ನಿಂತು ಗದ್ದೆಗೊರವಕ್ಕೆ ಕೆಸರು ಬೇಕು ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ಆದರೆ ಗೋಡೆ ಕಟ್ಟುವ ವಿಧಾನಗಳು ಹಲವು ಇವೆ. ನೀರಿನ ಅಂಚಿನಲ್ಲಿ ಒಂದಿಷ್ಟು ಇಳಿಜಾರು, ಒಂದಿಷ್ಟು ಆಪು, ಜೇಕು ಉಳಿಸಬಹುದು. ಪೂರ್ತಿ ನೆಟ್ಟಗೆ ಕಾಂಕ್ರೀಟು ಹಾಕಿದರೆ ಆ ಕೈಯಗಲದ ಪಟ್ಟಿ ಹೋಗುತ್ತದೆ, ಅದರ ಜೊತೆ ಅಲ್ಲಿ ಕಾಲೂರುವವರೂ. ಇಂಜಿನಿಯರರ ಮುಂದೆ ಇದನ್ನು ಹೇಳಬೇಕಾದರೆ ‘ಅಲ್ಲಿ ಏನಿದೆ’ ಅಂತ ಅವರು ಕೇಳುತ್ತಾರೆ. ಮಾಗಡಿಯವರ ಹತ್ತಿರ ಉತ್ತರ ಇತ್ತು, ಅಂಕಿ ಸಮೇತ. ನಮ್ಮ ಹತ್ತಿರ ಈಗ ಇರುವುದು ಒಂದು ಮುಂಜಾನೆಯ ಪಟ್ಟಿ, ಅಕ್ಕನ ಮಾತು.

ಅಂತೂ ಹಗ್ಗಜಗ್ಗಾಟ ಆಗಿ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ನಾಲಾ ಒಳಗೆ ಯಾರೂ ಇಳಿಯುವುದಿಲ್ಲ, ದಂಡೆಯಲ್ಲಿ ನಡೆಯುವುದೂ ಬೇಡ. ಸೇತುವೆಗಳಿವೆಯಲ್ಲ, ಒಂದೊಂದು ಸೇತುವೆ ಇಬ್ಬಿಬ್ಬರಿಗೆ. ವಾರಕ್ಕೊಮ್ಮೆ, ಬೆಳಿಗ್ಗೆ ಏಳರ ಮೇಲೆ, ಓಡಾಟ ಶುರುವಾದಮೇಲೆ, ಹದಿನೈದು ನಿಮಿಷ ನಿಂತು ಕಂಡದ್ದನ್ನೆಲ್ಲ ಬರೆಯುವುದು. ಕಾಗೆ ಸಮೇತ. ಏನೂ ಕಾಣದಿದ್ದರೆ ಏನೂ ಇಲ್ಲ ಅಂತ ಬರೆಯುವುದು. ಕಾಕಾ ಇದಕ್ಕೆ ಒಪ್ಪಿದ್ದಾರೆ, ಪಟ್ಟಿಯ ಮೇಲೆ ಮಳೆಯ ಹೆಸರನ್ನೂ ಹಾಕಬೇಕು ಅನ್ನುವ ಶರತ್ತಿನ ಮೇಲೆ. ಆ್ಯಪಿನಲ್ಲಿ ಟಿಪ್ಪಣಿಗೆ ಜಾಗ ಇದೆ, ಅಲ್ಲಿ ಹಾಕುತ್ತೇವೆ. ಅಕ್ಕನ ಮಾತನ್ನು ದಾಖಲೆ ಅಂತ ಸೇರಿಸುವುದೋ ಬೇಡವೋ ಅನ್ನುವುದು ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ. ಹುಡುಗಿ ಬೇಕೇ ಬೇಕು ಅನ್ನುತ್ತಾಳೆ, ತಾರೀಕಿಲ್ಲದ್ದು ಹೇಗೆ ಬರುತ್ತದೆ ಅಂತ ಉಳಿದವರು. ಕೆರೆಯ ಹತ್ತಿರದ ಮೇಲಿನ ಸೇತುವೆಗಳಿಗೆ ಜನ ಸಿಕ್ಕಿದ್ದಾರೆ. ಹೊಸೂರಿನಿಂದ ಕೆಳಗಿನವಕ್ಕೆ ಇನ್ನೂ ಯಾರೂ ಇಲ್ಲ. ಆ ಕಡೆ ಮನೆ ಇದ್ದವರು, ಮುಂಜಾನೆ ಹದಿನೈದು ನಿಮಿಷ ಬಿಡುವಿದ್ದವರು ಇದನ್ನು ಓದುತ್ತಿದ್ದರೆ ತಿಳಿಸಿ. ಬೈನಾಕ್ಯುಲರ್ ನಮ್ಮ ಹತ್ತಿರ ಒಂದು ಹೆಚ್ಚಿಗೆ ಇದೆ.